ಕುದಿಸಿದ ನೀರು

ನಗರದ ನೀರು ಪರೀಕ್ಷಾಲಯಕ್ಕೆ ಹೊಸ ಯಂತ್ರವೊಂದು ಬಂದಾಗ ಅಲ್ಲಿಯವರೆಲ್ಲ ಅದಕ್ಕೆ ‘ಹೊಸ ಸೊಸೆ’ ಎಂದು ಹೆಸರಿಟ್ಟರು. ಅದಕ್ಕೆ ಬೇರೆಯದೇ ಕೋಣೆ ಬೇಕು, ಸದಾ ತಣ್ಣನೆಯ ಗಾಳಿ ಬೇಕು, ಹತ್ತಿರ ಹೋಗುವವರು ಕೈಗೆ ಮುಖಕ್ಕೆ ಏನೂ ಹಚ್ಚಿಕೊಂಡಿರಬಾರದು. ಸ್ವಲ್ಪ ಹೆಚ್ಚುಕಮ್ಮಿಯಾದರೂ ಮುನಿಸಿಕೊಂಡು ಇಲ್ಲದ್ದನ್ನೆಲ್ಲ ಇದೆ ಎಂದು ತೋರಿಸುತ್ತಿತ್ತು. ಅದನ್ನು ಸಂಭಾಳಿಸುವ ಕೆಲಸ ಅಕ್ಕನ ಪಾಲಿಗೆ ಬಂತು. ಪರೀಕ್ಷಾಲಯದಲ್ಲಿ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ವಯಸ್ಸಾದವರೂ ಸಹ. ಕಾರ್ಖಾನೆಗಳಿಂದ ಕುಡಿಯುವ ನೀರಿಗೆ ಸೇರುವ ರಾಸಾಯನಿಕಗಳನ್ನು ಹುಡುಕುವುದು ಅವಳ ಕೆಲಸ. ಕೆರೆಗೊಂದು ಹನಿ ಬಿದ್ದಿದ್ದರೂ ಹಿಡಿದು ತೋರಿಸುವಷ್ಟು ಸೂಕ್ಷ್ಮವಾಗಿತ್ತು ಆ ಯಂತ್ರ.

ಅದನ್ನು ಹದಕ್ಕೆ ತರಬೇಕಾದರೆ ಮೊದಲು ಏನೂ ಬೆರೆಯದ ಒಳ್ಳೆಯ ನೀರನ್ನು ಕೊಟ್ಟು ನೋಡಬೇಕು. ಬಟ್ಟಿ ಇಳಿಸಿದ ನೀರಿನಲ್ಲಿ ಅದು ಸರಿಯಾಗಿಯೇ ನಡೆಯಿತು. ಆಮೇಲೆ ನೆಲದಡಿಯಿಂದ ಬಂದ ನೀರು ಬೇಕಾಯಿತು, ಅದರಲ್ಲಿ ಲವಣಗಳಿದ್ದರೂ ಕಲ್ಮಶವಿರಬಾರದು. ಅಕ್ಕನಿಗೆ ತಟ್ಟನೆ ನೆನಪಾದದ್ದು ತಂಗಿಯ ಮನೆಯ ನೀರು.

ತಂಗಿ ಇದ್ದದ್ದು ನಗರದ ಅಂಚಿನಲ್ಲಿ, ಕಾರ್ಖಾನೆಯ ನೌಕರರಿಗೆಂದೇ ಕಟ್ಟಿದ್ದ ಕಾಲೊನಿಯಲ್ಲಿ. ಅಲ್ಲಿಗೆ ನಗರದ ನಲ್ಲಿ ಬಂದಿರಲಿಲ್ಲ. ಕಾಲೊನಿಯದೇ ಒಂದು ಕೊಳವೆಬಾವಿ, ಅದರ ಮೇಲೊಂದು ಎತ್ತರದ ಟ್ಯಾಂಕು. ನೀರು ಎಷ್ಟು ತಿಳಿ, ಎಷ್ಟು ರುಚಿ ಎಂದರೆ, ಮದುವೆಯಾದ ಹೊಸತರಲ್ಲಿ ಆ ಇಕ್ಕಟ್ಟಾದ ಮನೆಯ ಬಗ್ಗೆ ಹೇಳಿಕೊಳ್ಳಲು ಬೇರೇನೂ ಇಲ್ಲದೆ ತಂಗಿ ನೀರನ್ನೇ ಹೊಗಳುತ್ತಿದ್ದಳು. ಅಕ್ಕ ಹೋದಾಗಲೆಲ್ಲ ಒಂದು ಕ್ಯಾನು ತುಂಬಿಸಿ ಕಳಿಸುತ್ತಿದ್ದಳು. ತಾಯಿ ಹೋದ ಮೇಲೆ ತಂಗಿಗೆ ತವರೆಂದರೆ ಅಕ್ಕ ಒಬ್ಬಳೇ. ಅಕ್ಕನನ್ನು ಗಂಡ ಬಿಟ್ಟುಹೋಗಿದ್ದ, ಮಕ್ಕಳಾಗಿರಲಿಲ್ಲ.

ಕಾಲೊನಿಯ ಹಿಂದಿನ ಏರಿನ ಮೇಲೆ ಕಾರ್ಖಾನೆ. ಬಾಣಲೆ, ಬಟ್ಟೆ, ಕಾಗದದ ಲೋಟ, ಹೀಗೆ ಬಂದದ್ದಕ್ಕೆಲ್ಲ ಒಂದು ತೆಳು ಲೇಪನ ಬಳಿದು ಕಳಿಸುವುದು ಅಲ್ಲಿನ ಕೆಲಸ. ಲೇಪನ ಬಿದ್ದ ಮೇಲೆ ಎಣ್ಣೆ ಅಂಟುವುದಿಲ್ಲ, ನೀರು ಇಂಗುವುದಿಲ್ಲ. ತಂಗಿಯ ಗಂಡ ಅಲ್ಲಿ ಪಾಳಿಯ ಮೇಲ್ವಿಚಾರಕ.

ತಂಗಿ ಕೊಟ್ಟಿದ್ದ ಕ್ಯಾನಿನ ನೀರನ್ನು ಯಂತ್ರಕ್ಕೆ ಕೊಟ್ಟಾಗ ಪರದೆಯ ಮೇಲಿನ ಗೆರೆ ನೆಟ್ಟಗೆ ಮೇಲೇರಿತು. ಅಕ್ಕನಿಗೆ ಮೊದಲು ಸಿಟ್ಟು ಬಂದದ್ದು ಯಂತ್ರದ ಮೇಲೆ. ಆಮೇಲೆ ಕ್ಯಾನಿನ ಮೇಲೆ, ಅದರ ಮುಚ್ಚಳದ ಮೇಲೆ, ಕೊನೆಗೆ ತನ್ನ ಮೇಲೆಯೇ ಅನುಮಾನ ಬಂತು. ಇಂಥ ಲೇಪನದ ವಸ್ತುಗಳು ಎಲ್ಲೆಲ್ಲೂ ಇರುತ್ತವೆ. ಮಳೆಗೆ ಹಾಕುವ ಕೋಟಿನಲ್ಲಿ, ಕೊಳಾಯಿಗೆ ಸುತ್ತುವ ಬಿಳಿ ಟೇಪಿನಲ್ಲಿ, ಕೈಗೆ ಹಚ್ಚುವ ಕ್ರೀಮಿನಲ್ಲಿ ಕೂಡ. ಎಲ್ಲವನ್ನೂ ತೊಳೆದು, ಬದಲಿಸಿ, ಮತ್ತೆ ನೋಡಿದಳು. ಗೆರೆ ಇಳಿಯಲಿಲ್ಲ.

ಮರುವಾರ ಒಗೆದು ಒಗೆದು ಮೆದುವಾದ ಹಳೆಯ ಹತ್ತಿ ಬಟ್ಟೆ ಉಟ್ಟು, ಕೈಗೆ ಮುಖಕ್ಕೆ ಏನೂ ಹಚ್ಚದೆ, ಹೊಸ ಬಾಟಲಿಗಳನ್ನು ತೆಗೆದುಕೊಂಡು ತಂಗಿಯ ಮನೆಗೆ ಹೋದಳು. ತಂಗಿ ಬಾಗಿಲಲ್ಲೇ ನಕ್ಕಳು.

“ಏನಕ್ಕ, ಮುಖಾನೂ ತೊಳೀದೆ ಬಂದಿದ್ದೀಯಾ? ನಮ್ಮನೇಲಿ ನೀರಿಗೇನೂ ಬರ ಇಲ್ಲ, ಬಾ.”

ಅಕ್ಕನೂ ನಕ್ಕಳು. ಹೊಸ ಯಂತ್ರಕ್ಕೆ ನೀರು ಬೇಕಿತ್ತು ಎಂದಷ್ಟೇ ಹೇಳಿ ಅಡುಗೆಮನೆಯ ನಲ್ಲಿ ತಿರುಗಿಸಿ, ಸ್ವಲ್ಪ ಹೊತ್ತು ಹರಿಯಲು ಬಿಟ್ಟು, ಬಾಟಲಿ ತುಂಬಿಕೊಂಡಳು. ಪಕ್ಕದಲ್ಲೇ ತಂಗಿ ಮಗುವಿನ ಬಾಟಲಿಗೆ ಹಾಲಿನ ಪುಡಿ ಹಾಕಿ ಅದೇ ನಲ್ಲಿಯ ನೀರನ್ನು ಉಗುರುಬೆಚ್ಚಗೆ ಮಾಡಿ ಬೆರೆಸುತ್ತಿದ್ದಳು. ಮಗು ಹುಟ್ಟಿ ಕೆಲವೇ ತಿಂಗಳಾಗಿತ್ತು. ತಂಗಿಗೆ ಹಾಲು ಬೇಗ ಬತ್ತಿಹೋಗಿದ್ದರಿಂದ ಆ ಹೆಣ್ಣುಮಗುವಿಗೆ ಪುಡಿಯ ಹಾಲೇ ಗತಿ. ಬೆಳಗಿನಿಂದ ರಾತ್ರಿವರೆಗೆ ಅದರ ಹೊಟ್ಟೆಗೆ ಹೋಗುತ್ತಿದ್ದದ್ದೆಲ್ಲ ಆ ನೀರೇ. ಅಕ್ಕನಿಗೆ ಬಾಯಿಯ ತುದಿಗೆ ಮಾತು ಬಂತು. ಖಾತ್ರಿಯಾಗದೆ ಬಾಣಂತಿಯನ್ನು ಹೆದರಿಸುವುದು ಬೇಡವೆಂದು ನುಂಗಿಕೊಂಡಳು.

ಖಾತ್ರಿಯಾಯಿತು. ಕಾರ್ಖಾನೆಯಲ್ಲಿ ಬಳಿಯುವ ಅದೇ ರಾಸಾಯನಿಕ, ಬೇರೆ ದೇಶಗಳಲ್ಲಿ ಕುಡಿಯಬೇಡಿ ಎನ್ನುವ ಮಟ್ಟಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಪರೀಕ್ಷಾಲಯದ ಮುಖ್ಯಸ್ಥರಿಗೆ ‘ನೋಡೋಣಪ್ಪ’ ಎಂದು ಅಡ್ಡಹೆಸರು. ಯಾವ ಮಾತಿಗೂ ಅವರು ನೋಡೋಣ ಎಂದೇ ಉತ್ತರ ಕೊಡುತ್ತಿದ್ದರು. ಅಂದು ಅವರು ನೋಡೋಣ ಎನ್ನಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಇದಕ್ಕೆ ಇಷ್ಟೇ ಇರಬೇಕು ಅಂತ ನಮ್ಮಲ್ಲಿ ಮಿತೀನೇ ಇಲ್ಲವಲ್ಲಮ್ಮ,” ಎಂದರು. “ಮಿತಿ ಇಲ್ಲ ಅಂದ್ಮೇಲೆ ಮೀರಿದೆ ಅಂತ ಹೇಗೆ ಬರೀತೀಯ?”

ಮೇಲಿನವರಿಗೆ ತಿಳಿಸುತ್ತೇನೆ, ಅವರು ಹೇಳುವವರೆಗೆ ನೀನು ಎಲ್ಲೂ ಬಾಯಿ ಬಿಡಬೇಡ ಎಂದು ಕಳಿಸಿದರು. ಅಕ್ಕ ಅಲ್ಲಿಯವರೆಗೆ ಕಾಯಲಿಲ್ಲ. ಅದೇ ಸಂಜೆ ತಂಗಿಯ ಗಂಡನನ್ನು ಕಾರ್ಖಾನೆಯ ಗೇಟಿನ ಬಳಿ ಕಂಡು ಎಲ್ಲವನ್ನೂ ಹೇಳಿದಳು. ಅವನು ಒಳ್ಳೆಯವನೇ, ಅತ್ತಿಗೆ ಎಂದರೆ ಗೌರವವಿದ್ದವನು. ಕೇಳಿ ಮುಖ ಕಪ್ಪಿಟ್ಟಿತು. ಹೆಂಡತಿಗೆ ಹೇಳಬೇಡಿ, ಅವಳು ಮೊದಲೇ ನಿದ್ದೆಗೆಟ್ಟು ಅರೆಜೀವವಾಗಿದ್ದಾಳೆ, ನಾನು ಹೊರಗಿನಿಂದ ನೀರು ತಂದು ಹಾಕುತ್ತೇನೆ ಎಂದ. ಅಕ್ಕ ಒಪ್ಪಿದಳು.

ಅವನು ತಂದೂ ಹಾಕಿದ. ದೊಡ್ಡ ದೊಡ್ಡ ಕ್ಯಾನುಗಳನ್ನು ಸೈಕಲ್ಲಿಗೆ ಕಟ್ಟಿ ತರುತ್ತಿದ್ದ. ಟ್ಯಾಂಕು ತೊಳೆಯುತ್ತಿದ್ದಾರೆ ಎಂದು ಹೆಂಡತಿಗೆ ಸುಳ್ಳು ಹೇಳಿದ್ದ. ಅಷ್ಟರಲ್ಲಿ ಮೇಲಿನವರು ಕಾರ್ಖಾನೆಗೆ ಪತ್ರ ಬರೆದರು, ಕಾರ್ಖಾನೆ ತನ್ನದೇ ಖರ್ಚಿನಲ್ಲಿ ಬೇರೊಂದು ಕಡೆ ನೀರು ಪರೀಕ್ಷೆ ಮಾಡಿಸಿತು, ‘ಪತ್ತೆಯಾಗಿಲ್ಲ’ ಎಂಬ ಉತ್ತರವನ್ನು ಗೇಟಿಗೇ ಅಂಟಿಸಿತು. ಅದನ್ನು ಓದಿದ ದಿನದಿಂದ ತಂಗಿಯ ಗಂಡ ಕ್ಯಾನು ತರುವುದನ್ನು ನಿಲ್ಲಿಸಿದ. ಅಕ್ಕನಿಗೆ ಅದು ತಿಳಿಯಲಿಲ್ಲ.

ಆದರೆ ಗುಸುಗುಸು ಎದ್ದಿತ್ತು. ಕಾರ್ಖಾನೆ ಮುಚ್ಚಿಸಲು ಯಾರೋ ಹುನ್ನಾರ ಮಾಡಿದ್ದಾರೆ ಎಂದು ಕೆಲವರು, ಟ್ಯಾಂಕಿಗೆ ಯಾರೋ ವಿಷ ಹಾಕಿದ್ದಾರೆ ಎಂದು ಕೆಲವರು. ಕೊನೆಗೆ ನೌಕರರ ಸಂಘದವರು ಕಾಲೊನಿಯ ಸಭಾಂಗಣದಲ್ಲಿ ಸಭೆ ಕರೆದು, ಬಂದು ವಿವರಿಸುವಂತೆ ಅಕ್ಕನನ್ನು ಕೇಳಿದರು. ನೋಡೋಣಪ್ಪ ಬೇಡವೆಂದರು. ಅವಳು ರಜೆ ಹಾಕಿ ಹೋದಳು.

ಸಭಾಂಗಣ ಕಿಕ್ಕಿರಿದಿತ್ತು. ಮೊದಲು ಕಾರ್ಖಾನೆಯ ವ್ಯವಸ್ಥಾಪಕ ವೇದಿಕೆಯ ಮೂಲೆಯಲ್ಲಿದ್ದ ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ಎಲ್ಲರೆದುರು ಗಟಗಟ ಕುಡಿದ. ಚಪ್ಪಾಳೆ ಬಿತ್ತು. ಅವನ ಹಿಂದೆ ನಿಂತಿದ್ದ ಮೇಲ್ವಿಚಾರಕರೂ ಒಬ್ಬೊಬ್ಬರಾಗಿ ಕುಡಿದರು. ಅವರಲ್ಲಿ ತಂಗಿಯ ಗಂಡನೂ ಇದ್ದ. ಕುಡಿಯುವಾಗ ಅವನು ಅತ್ತಿಗೆಯ ಕಡೆ ನೋಡಲಿಲ್ಲ.

ಅಕ್ಕ ಮೈಕಿನ ಮುಂದೆ ನಿಂತಳು. ಈ ರಾಸಾಯನಿಕ ಒಂದು ಲೋಟಕ್ಕೆ ಏನೂ ಮಾಡುವುದಿಲ್ಲ, ಬಣ್ಣ, ವಾಸನೆ, ರುಚಿ ಏನೂ ಇಲ್ಲ, ಆದರೆ ಒಳಗೆ ಹೋದದ್ದು ಬೇಗ ಹೊರಗೆ ಬರುವುದಿಲ್ಲ, ವರ್ಷಗಟ್ಟಲೆ ರಕ್ತದಲ್ಲೇ ಉಳಿಯುತ್ತದೆ ಎಂದು ವಿವರಿಸಿದಳು. ಕಾರ್ಖಾನೆ ಪರೀಕ್ಷೆ ಮಾಡಿಸಿದ ಕಡೆಯ ಯಂತ್ರಕ್ಕೆ ಅಷ್ಟು ಸಣ್ಣದು ಕಾಣಿಸುವುದೇ ಇಲ್ಲ, ಕನ್ನಡಕ ತೆಗೆದಿಟ್ಟು ಅಕ್ಷರವೇ ಇಲ್ಲ ಎಂದ ಹಾಗೆ ಎಂದಳು. ಯಾರೋ ನಕ್ಕರು. ಅವಳಿಗೆ ಸ್ವಲ್ಪ ಧೈರ್ಯ ಬಂತು. ಯಂತ್ರದ ವಿಷಯ ಇನ್ನಷ್ಟು ವಿವರಿಸಿದಳು, ಬಹುಶಃ ಬೇಕಾದ್ದಕ್ಕಿಂತ ಹೆಚ್ಚು. ಇನ್ನು ನೀವು ಮನೆಯಲ್ಲಿ ಮಾಡಬೇಕಾದ್ದು ಏನೆಂದರೆ, ಎಂದು ಶುರುಮಾಡುವಷ್ಟರಲ್ಲಿ ಹಿಂದಿನ ಸಾಲಿನಿಂದ ತಂಗಿ ಎದ್ದು ನಿಂತಳು. ಹೆಗಲ ಮೇಲೆ ಮಗು ಮಲಗಿತ್ತು.

“ಇದು ನಿನಗೆ ಯಾವಾಗ ಗೊತ್ತಾಯ್ತು?”

ಅಕ್ಕ ಹೇಳಿದಳು.

“ಯಾರಿಗೆ ಹೇಳಿದೆ?”

ಅಕ್ಕನ ಕಣ್ಣು ವೇದಿಕೆಯ ಮೇಲಿದ್ದವನ ಕಡೆ ತಾನಾಗಿ ಹೊರಳಿತು. ಅವನು ತಲೆ ತಗ್ಗಿಸಿದ. ತಂಗಿಗೆ ಅಷ್ಟೇ ಸಾಕಾಯಿತು. ಟ್ಯಾಂಕು ತೊಳೆದ ಕಥೆ, ಸೈಕಲ್ಲಿನ ಕ್ಯಾನುಗಳು, ನಲ್ಲಿಯ ಬಳಿ ಬಾಟಲಿ ಹಿಡಿದು ನಿಂತ ಅಕ್ಕ, ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಅವಳ ಪ್ರತಿ ಮಾತೂ ವೇದಿಕೆಯವರೆಗೆ ಕೇಳಿಸಿತು.

“ನನ್ನ ಮಗು ಏನು ಕುಡೀತಿದೆ ಅಂತ ನನಗೊಬ್ಬಳಿಗೆ ಬಿಟ್ಟು ಊರಿಗೆಲ್ಲ ಹೇಳ್ತಿದ್ದಾಳೆ ನೋಡಿ. ನೀರಲ್ಲಿ ಏನೂ ಇಲ್ಲ. ಇರೋದೆಲ್ಲ ಇವಳ ಹೊಟ್ಟೇಲಿ. ಗಂಡ ನಿಲ್ಲಲಿಲ್ಲ, ಮಡಿಲು ತುಂಬಲಿಲ್ಲ, ನನ್ನ ಮನೆ ತುಂಬಿದ್ದು ನೋಡೋಕಾಗ್ತಿಲ್ಲ.”

ಅದನ್ನು ಕೇಳಿ ಸಭೆಯಲ್ಲಿದ್ದವರಿಗೆಲ್ಲ ಹಗುರವಾದಂತಾಯಿತು. ನೀರಿನ ಪ್ರಶ್ನೆ ಹೋಗಿ ಅಕ್ಕತಂಗಿಯರ ಜಗಳ ಉಳಿಯಿತು, ಅಂಥದ್ದು ಪ್ರತಿ ಮನೆಗೂ ಗೊತ್ತಿದ್ದದ್ದೇ. ವ್ಯವಸ್ಥಾಪಕ ಎದ್ದು, ಮನೆಯ ವಿಷಯ ಮನೆಯಲ್ಲೇ ಬಗೆಹರಿಸಿಕೊಳ್ಳೋಣ ಎಂದು ನಯವಾಗಿ ಹೇಳಿ ಮೈಕು ಆರಿಸಿದ. ಜನ ಕುರ್ಚಿ ಸರಿಸಿ ಏಳತೊಡಗಿದರು. ಅಕ್ಕ ಬಾಯಿ ತೆರೆದು ನಿಂತಿದ್ದಳು, ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲ.

ಆಮೇಲೆ ಮಾತುಕತೆ ಕಡಿಯಿತು. ಅಕ್ಕ ಫೋನು ಮಾಡಿದರೆ ತಂಗಿ ಎತ್ತಲಿಲ್ಲ. ಪರೀಕ್ಷಾಲಯದ ಡ್ರೈವರ್ ಕೈಯಲ್ಲಿ ಒಳ್ಳೆಯ ನೀರಿನ ಕ್ಯಾನು ಕಳಿಸಿದಳು, ಅದು ಮುಚ್ಚಳ ಬಿಚ್ಚದೆ ವಾಪಸು ಬಂತು. ತಂಗಿಯ ಗಂಡನಿಗೆ ಸಂದೇಶ ಕಳಿಸಿದರೆ, ‘ಸರಿ ಅತ್ತಿಗೆ’ ಎಂಬ ಎರಡೇ ಪದ ಬರುತ್ತಿದ್ದವು. ಅವಳಿಗೂ ರೋಷವಿತ್ತು. ಅಷ್ಟು ಜನರ ಮುಂದೆ ಬಟ್ಟೆ ಬಿಚ್ಚಿ ನಿಲ್ಲಿಸಿದಂತೆ ಮಾಡಿದವಳ ಮನೆ ಬಾಗಿಲಿಗೆ ತಾನಾಗಿ ಹೋಗುವುದು ಆಗಲಿಲ್ಲ. ಕೆಲಸದಲ್ಲಿ ಮುಳುಗಿದಳು. ನೋಡೋಣಪ್ಪ ಒಂದು ದಿನ ಅವಳನ್ನು ಕರೆದು, ಯಾರಿಗೂ ಹೇಳದೆ ಆ ನೀರಿನ ಇನ್ನೊಂದು ಮಾದರಿಯನ್ನು ದೂರದ ದೊಡ್ಡ ಪರೀಕ್ಷಾಲಯಕ್ಕೆ ಕಳಿಸಿದ್ದೇನೆ ಎಂದರು. ಉತ್ತರ ಬರಲು ತಿಂಗಳುಗಳು ಹಿಡಿಯುತ್ತವೆ, ನೋಡೋಣ ಎಂದರು.

ಉತ್ತರ ಬರುವ ಮುಂಚೆ ಒಂದು ಬೆಳಗ್ಗೆ ತಂಗಿಯ ಎದುರುಮನೆಯವಳಿಂದ ಫೋನು ಬಂತು. ನಿಮ್ಮ ತಂಗಿ ಕೈ ಮೇಲೆ ಕುದಿಯೋ ನೀರು ಸುರಿದುಕೊಂಡಿದ್ದಾಳೆ, ಗಂಡ ಪಾಳಿಯಲ್ಲಿದ್ದಾನೆ, ಮಗು ಒಂದೇ ಸಮ ಅಳುತ್ತಿದೆ, ಬನ್ನಿ ಎಂದಳು. ರೋಷವೆಲ್ಲ ಎಲ್ಲಿ ಹೋಯಿತೋ, ಅಕ್ಕ ಸಿಕ್ಕಿದ ಬಸ್ಸು ಹತ್ತಿದಳು.

ತಂಗಿಯ ಬಲಗೈಗೆ ಮೊಣಕೈವರೆಗೆ ಪಟ್ಟಿ ಕಟ್ಟಿದ್ದರು. ಅಕ್ಕನನ್ನು ಕಂಡು ಅವಳು ಮುಖ ತಿರುಗಿಸಿದಳು, ಆದರೆ ಹೋಗು ಎನ್ನಲಿಲ್ಲ. ಅಕ್ಕ ಮಗುವನ್ನು ಎತ್ತಿಕೊಂಡು ಹಾಲು ಬೆರೆಸಲು ಅಡುಗೆಮನೆಗೆ ಹೋದಳು. ಒಲೆಯ ಮೇಲೆ ಸಣ್ಣ ಉರಿಯಲ್ಲಿ ದೊಡ್ಡದೊಂದು ಪಾತ್ರೆ, ಮುಚ್ಚಳವಿರಲಿಲ್ಲ. ಒಳಗೆ ನೀರು ಕೊತಕೊತ ಕುದಿಯುತ್ತಿತ್ತು. ಕುದಿದು ಕುದಿದು ಅರ್ಧಕ್ಕೆ ಇಳಿದಿತ್ತು, ಪಾತ್ರೆಯ ಗೋಡೆಯ ಮೇಲೆ ಬಿಳಿಯ ಉಂಗುರದಂಥ ಗೆರೆಗಳು ಒಂದರ ಕೆಳಗೊಂದು ನಿಂತಿದ್ದವು.

ಹಿಂದೆಯೇ ಬಂದ ಎದುರುಮನೆಯವಳು ಉರಿ ಆರಿಸಿದಳು. ಆ ಸಭೆಯಾದಾಗಿನಿಂದ ದಿನಾ ಇದೇ ಕೆಲಸ, ಬೆಳಗ್ಗೆ ಇಟ್ಟರೆ ಅರ್ಧ ಆಗುವವರೆಗೆ ಇಳಿಸುವುದಿಲ್ಲ, ಮಗುವಿಗೆ ಇದೇ ನೀರು, ಬೇರೆ ಮುಟ್ಟಿಸುವುದಿಲ್ಲ ಎಂದು ಹೇಳಿ ಮೂಗು ಮುರಿದಳು. ಇಂದು ಅರ್ಧಕ್ಕೆ ಇಳಿದಿದ್ದ ಮೊದಲ ಪಾತ್ರೆಯನ್ನು ಒಲೆಯಿಂದ ಇಳಿಸುವಾಗ ಕೈ ಜಾರಿತಂತೆ, ಪಕ್ಕದ ಉರಿಯ ಮೇಲಿದ್ದ ಈ ಎರಡನೆಯದು ಹಾಗೇ ಉಳಿದಿತ್ತಂತೆ. ತನ್ನ ಮಗುವಿಗೂ ಅದೇ ವಯಸ್ಸು, ತಾನು ನಲ್ಲಿಯ ನೀರನ್ನೇ ಬೆಚ್ಚಗೆ ಮಾಡಿ ಕೊಡುವುದು, ಅದು ಗುಂಡುಕಲ್ಲಿನ ಹಾಗಿದೆ ಎಂದೂ ಸೇರಿಸಿದಳು.

ಅಕ್ಕ ಬಹಳ ಹೊತ್ತು ಆ ಪಾತ್ರೆಯ ಮುಂದೆ ನಿಂತಿದ್ದಳು. ಮಗು ಅವಳ ಹೆಗಲನ್ನು ಚೀಪುತ್ತಿತ್ತು. ಕೊನೆಗೆ ಚೀಲದಲ್ಲಿದ್ದ ತನ್ನ ನೀರಿನ ಬಾಟಲಿ ತೆಗೆದು, ಅದನ್ನೇ ಬೆಚ್ಚಗೆ ಮಾಡಿ, ಹಾಲು ಬೆರೆಸಿ ಕೊಟ್ಟಳು. ಎದುರುಮನೆಯವಳು ಹೋದ ಮೇಲೆ ಮಗುವನ್ನು ತಂಗಿಯ ತೊಡೆಗೆ ಹಾಕಿ ಪಕ್ಕದಲ್ಲಿ ಕುಳಿತಳು.

“ಒಲೆ ಮೇಲಿರೋ ನೀರು ಮಗೂಗೆ ಕೊಡಬೇಡ,” ಎಂದಳು.

“ನಲ್ಲಿ ನೀರು ಕೊಡ್ತಿಲ್ಲ ನಾನು. ಕುದಿಸ್ತೀನಿ. ಅರ್ಧ ಆಗೋವರೆಗೂ ಕುದಿಸ್ತೀನಿ.” ತಂಗಿ ಗೋಡೆಯ ಕಡೆ ನೋಡುತ್ತಲೇ ಹೇಳಿದಳು. ಆಮೇಲೆ ಮೆಲ್ಲಗೆ ಕೇಳಿದಳು, “ಅಷ್ಟು ಕುದಿಸಿದ್ರೆ ಹೋಗುತ್ತೆ ಅಲ್ವಾ ಅಕ್ಕ?”

ಅಷ್ಟು ತಿಂಗಳ ನಂತರ ಅವಳ ಬಾಯಿಂದ ಅಕ್ಕ ಎಂಬ ಮಾತು ಬಂದಿತ್ತು. ಹೋಗುತ್ತೆ ಎಂದುಬಿಟ್ಟಿದ್ದರೆ ಅಂದು ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತು ಹಗುರಾಗುತ್ತಿದ್ದರೇನೋ. ಆದರೆ ಸಂಜೆ ಆ ಒಲೆ ಮತ್ತೆ ಹತ್ತುತ್ತಿತ್ತು.

“ಕುದಿಸಿದ್ರೆ ಸಾಯೋದು ಕ್ರಿಮಿ. ಇದು ಕ್ರಿಮಿ ಅಲ್ಲ. ನೀರು ಆವಿಯಾಗಿ ಹೋಗುತ್ತೆ, ಇದು ತಳದಲ್ಲಿ ಉಳಿಯುತ್ತೆ. ಅರ್ಧ ಮಾಡಿದ್ರೆ…” ಅಕ್ಕ ನಿಲ್ಲಿಸಿದಳು.

ತಂಗಿ ಮುಂದಿನದನ್ನು ತಾನೇ ಲೆಕ್ಕ ಹಾಕಿದಳು. ಅದೇನೂ ಕಷ್ಟದ ಲೆಕ್ಕವಾಗಿರಲಿಲ್ಲ. ಅವಳು ಅಳಲಿಲ್ಲ. ತೊಡೆಯ ಮೇಲೆ ನಿದ್ದೆಹೋದ ಮಗುವಿನ ಬಾಯಿಯ ಅಂಚಿನಲ್ಲಿದ್ದ ಹಾಲನ್ನು ಎಡಗೈಯಿಂದ ಒರೆಸಿದಳು, ಒರೆಸಿದ ಮೇಲೂ ಒರೆಸುತ್ತಲೇ ಇದ್ದಳು.

“ಅಷ್ಟೊಂದು ಮಾತಾಡಿದ್ಯಲ್ಲ ಅವತ್ತು. ಯಂತ್ರ, ಕನ್ನಡಕ ಅಂತ. ಕುದಿಸಬೇಡಿ ಅನ್ನೋ ಒಂದು ಮಾತು ಹೇಳೋಕೆ ನಿನಗೆ ಬಾಯಿ ಬರಲಿಲ್ವಾ?”

ಅಕ್ಕ ಸುಮ್ಮನಿರಬಹುದಿತ್ತು. ಸುಮ್ಮನಿರಬೇಕು ಎಂದು ಅವಳಿಗೂ ಗೊತ್ತಿತ್ತು. ಆದರೆ ಸಭಾಂಗಣದಲ್ಲಿ ಕೇಳಿದ ಮಾತು ಎದೆಯಲ್ಲಿ ಮುರಿದ ಮುಳ್ಳಿನಂತೆ ಇನ್ನೂ ಇತ್ತು.

“ಅದನ್ನೇ ಹೇಳೋಕೆ ಹೊರಟಿದ್ದೆ. ಅಷ್ಟರಲ್ಲಿ ನೀನು ಎದ್ದು ನಿಂತೆ.”

ಹೇಳಿದ ಗಳಿಗೆಯಲ್ಲೇ ಅದನ್ನು ವಾಪಸು ತೆಗೆದುಕೊಳ್ಳಬೇಕೆನಿಸಿತು. ತಂಗಿಯ ಮುಖದಲ್ಲಿ ಏನೋ ಮುಚ್ಚಿಕೊಂಡಿತು. ಮಗುವನ್ನು ಎತ್ತಿಕೊಂಡು, ಸುಟ್ಟ ಕೈಯ ನೋವನ್ನೂ ಲೆಕ್ಕಿಸದೆ, ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಕ್ಕ ಪಾತ್ರೆಯಲ್ಲಿದ್ದ ನೀರನ್ನು ಚೆಲ್ಲಿ, ಬಿಳಿಯ ಗೆರೆಗಳನ್ನು ಉಜ್ಜಿ ತೊಳೆದು ಬೋರಲು ಹಾಕಿದಳು. ಗಂಡ ಪಾಳಿ ಮುಗಿಸಿ ಬರುವವರೆಗೆ ಹೊರಗಿನ ಮೆಟ್ಟಿಲ ಮೇಲೆ ಕುಳಿತಿದ್ದು, ಅವನಿಗೆ ವಿಷಯ ತಿಳಿಸಿದಳು. ಅವನು ಚಪ್ಪಲಿಯನ್ನೂ ಬಿಡದೆ ಸೈಕಲ್ಲು ತಿರುಗಿಸಿಕೊಂಡು ನೀರು ತರಲು ಹೋದ.

ದೂರದ ಪರೀಕ್ಷಾಲಯದಿಂದ ಉತ್ತರ ಬಂದಾಗ ಅದು ಅಕ್ಕನ ಅಂಕಿಗಿಂತ ಸ್ವಲ್ಪ ಹೆಚ್ಚೇ ಇತ್ತು. ಅಷ್ಟು ದೊಡ್ಡವರ ಉತ್ತರವನ್ನು ಯಾರೂ ಅಲ್ಲಗಳೆಯಲಾಗಲಿಲ್ಲ. ಕೊಳವೆಬಾವಿಗೆ ಬೀಗ ಬಿತ್ತು. ಅಲ್ಲಿ ನೇತುಹಾಕಿದ ಫಲಕದಲ್ಲಿ ಪಂಪು ದುರಸ್ತಿಯಲ್ಲಿದೆ ಎಂದಿತ್ತು. ನಗರದ ನೀರಿನ ಕೊಳವೆ ಬಂತು. ಅದನ್ನು ತರಿಸಿದ್ದು ತಾನೇ ಎಂದು ಕಾರ್ಖಾನೆ ಹೇಳಿಕೊಂಡಿತು, ಜನ ವ್ಯವಸ್ಥಾಪಕನಿಗೆ ಹಾರ ಹಾಕಿದರು. ಅಕ್ಕನ ಬಳಿ ಯಾರೂ ಬರಲಿಲ್ಲ, ಬೈಯುವುದಕ್ಕೂ ಕೂಡ. ಮೇಲಿನವರು ಅವಳನ್ನು ಯಂತ್ರದ ಕೋಣೆಯಿಂದ ತೆಗೆದು ಈಜುಕೊಳಗಳ ನೀರು ನೋಡುವ ಕೆಲಸಕ್ಕೆ ಹಾಕಿದರು. ನೋಡೋಣಪ್ಪ ನಿವೃತ್ತರಾಗುವ ದಿನ ಅವಳ ಕೈ ಹಿಡಿದು ಏನೋ ಹೇಳಲು ಹೋಗಿ, ನೋಡೋಣಮ್ಮ ಎಂದಷ್ಟೇ ಹೇಳಿ ಹೋದರು.

ಆಸ್ಪತ್ರೆಯವರು ಕಾಲೊನಿಯ ಮಕ್ಕಳ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಈ ಸಲ ತಂಗಿ ತಾನಾಗಿ ಅಕ್ಕನನ್ನು ಕರೆದಳು, ಡಾಕ್ಟರು ಹೇಳುವುದು ಅರ್ಥವಾಗದಿದ್ದರೆ ಎಂದು. ಡಾಕ್ಟರು ಬಿಚ್ಚಿ ಹೇಳಲು ಅಂಥದ್ದೇನೂ ಇರಲಿಲ್ಲ. ಇದಕ್ಕೆ ಔಷಧಿಯಿಲ್ಲ, ತಾನಾಗಿ ಇಳಿಯಲು ವರ್ಷಗಳು ಬೇಕು, ಏನಾದರೂ ಆಗಬಹುದು, ಏನೂ ಆಗದಿರಲೂಬಹುದು, ಮಗುವನ್ನು ಆಗಾಗ ಕರೆತನ್ನಿ. ಹೊರಗೆ ಬೆಂಚಿನ ಮೇಲೆ ತಾಯಂದಿರು ತಮ್ಮ ತಮ್ಮ ಮಕ್ಕಳ ಅಂಕಿಗಳನ್ನು ಹೋಲಿಸಿಕೊಳ್ಳುತ್ತಿದ್ದರು. ಎದುರುಮನೆಯವಳ ಮಗುವಿನದು ತಂಗಿಯ ಮಗುವಿನದಕ್ಕಿಂತ ಬಹಳ ಕಡಿಮೆ ಇತ್ತು. ಅವಳು ಸಮಾಧಾನದ ದನಿಯಲ್ಲೇ ಅದನ್ನು ಹೇಳಿದಳು.

ಬಸ್ಸಿಗೆ ಕಾಯುವಾಗ ತಂಗಿ ಅಕ್ಕನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ, ಆರಿದ ದನಿ.

“ಅವಳು ನಿನ್ನ ಮಾತು ಒಂದಕ್ಷರ ನಂಬಲಿಲ್ಲ. ಅವಳ ಮಗು ಅಷ್ಟರಮಟ್ಟಿಗೆ ಉಳ್ಕೊಳ್ತು. ನಾನು ಎಲ್ಲರೆದುರು ನಿನ್ನ ಬೈದು, ಮನೆಗೆ ಬಂದು ನಿನ್ನ ಮಾತೇ ನಂಬಿದೆ.”

ಬಸ್ಸು ಬಂತು.

ವರ್ಷ ತಿರುಗುವುದರೊಳಗೆ ಕಾರ್ಖಾನೆ ತನ್ನ ಲೇಪನದ ವಿಭಾಗವನ್ನು ದೂರದ ಒಂದು ಸಣ್ಣ ಊರಿಗೆ ಸಾಗಿಸಿತು. ಅಲ್ಲಿ ನೀರು ಪರೀಕ್ಷಿಸುವವರು ಯಾರೂ ಇರಲಿಲ್ಲ. ತಂಗಿಯ ಗಂಡನಿಗೆ ಬಡ್ತಿ ಕೊಟ್ಟು ಅಲ್ಲಿಗೆ ವರ್ಗ ಮಾಡಿದರು. ಹೋಗುವುದಿಲ್ಲ ಎನ್ನಲು ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಹೊರಡುವ ದಿನ ಅಕ್ಕ ಬಂದು ಪಾತ್ರೆಗಳನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ತುಂಬಿದಳು. ತಂಗಿಯ ಬಲಗೈಯ ಚರ್ಮ ಇನ್ನೂ ಗುಲಾಬಿ ಬಣ್ಣಕ್ಕಿತ್ತು, ಭಾರ ಎತ್ತಲು ಆಗುತ್ತಿರಲಿಲ್ಲ. ಕೊನೆಯ ಡಬ್ಬಿ ಕಟ್ಟುವಾಗ ಅಕ್ಕ ಧೈರ್ಯ ಮಾಡಿ, ಅಲ್ಲಿಗೆ ಹೋದ ಮೇಲೆ ಒಂದು ಬಾಟಲಿ ನೀರು ಕಳಿಸು, ಹೇಗಾದರೂ ಮಾಡಿ ನೋಡಿ ಹೇಳುತ್ತೇನೆ ಎಂದಳು.

ತಂಗಿ ಹಗ್ಗದ ಗಂಟನ್ನು ಹಲ್ಲಿನಿಂದ ಬಿಗಿದಳು.

“ಬೇಡಕ್ಕ. ಗೊತ್ತಾದ್ರೆ ಏನ್ಮಾಡ್ಲಿ? ಆ ಊರಲ್ಲೂ ಇವರು ಕೆಲಸಕ್ಕೆ ಹೋಗ್ಬೇಕು, ಇವಳು ನೀರು ಕುಡೀಬೇಕು.”

ಲಾರಿಯ ಮುಂದಿನ ಸೀಟಿನಲ್ಲಿ ಅವಳು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕುಳಿತಳು. ಮಗುವಿಗೆ ಆಗಷ್ಟೇ ಮಾತು ಬರುತ್ತಿತ್ತು. ದೊಡ್ಡಮ್ಮನನ್ನು ಕಂಡು ಅದು ಕಿಟಕಿಯಿಂದ ಕೈಚಾಚಿತು. ತಂಗಿ ಆ ಕೈಯನ್ನು ಒಳಗೆ ಎಳೆದುಕೊಂಡು ಗಾಜು ಏರಿಸಿದಳು. ರಸ್ತೆಯಲ್ಲಿ ಧೂಳೇನೋ ಇತ್ತು.